ಬೇಡಪ್ಪನ ಪ್ರಾರ್ಥನೆ

ಪುಸ್ತಕ ಕಟ್ಟುವ ಬೈಂಡರನಿಗೆ ಬೇಡಪ್ಪ ಎಂಬ ಅಡ್ಡಹೆಸರು ಇಟ್ಟವರು ಯಾರೆಂದು ಚರ್ಚಿನ ಸಭೆಯಲ್ಲಿ ಯಾರಿಗೂ ನೆನಪಿಲ್ಲ. ಇಟ್ಟ ಹೆಸರು ಮಾತ್ರ ಮೈದಾ ಅಂಟಿನಂತೆ ಕೂತುಬಿಟ್ಟಿತ್ತು. ಊಟದಲ್ಲಿ ಎರಡನೆಯ ಸಲ ಬಡಿಸಲು ಬಂದರೆ "ಬೇಡಪ್ಪ". ಆರಾಧನೆಯಲ್ಲಿ ಮುಂದಿನ ಸಾಲಿಗೆ ಕರೆದರೆ "ಬೇಡಪ್ಪ, ನಾನಿಲ್ಲೇ ಕಂಬದ ಹಿಂದೆ ಕೂರ್ತೀನಿ". ಚಹಾಕ್ಕೆ ಸಕ್ಕರೆ ಎಷ್ಟು ಎಂದರೂ ಅದೇ ಮಾತು. ಸಕ್ಕರೆ ಎಂದರೆ ಅವನಿಗೆ ಪ್ರಾಣ ಎಂಬುದು ಅವನ ಅಕ್ಕನೊಬ್ಬಳಿಗೇ ಗೊತ್ತು. ಚಿಕ್ಕಂದಿನಲ್ಲಿ ಡಬ್ಬಿಗೆ ಕೈಹಾಕಿದ್ದವನನ್ನು ಹಿಡಿದವಳು ಅವಳೇ.

"ದೇವರಿಗೆ ಬೇರೆ ಕೆಲಸ ಇಲ್ಲ ನೋಡು," ಎಂದು ಅಕ್ಕ ಲೋಟ ಕುಕ್ಕುತ್ತಿದ್ದಳು, "ನಿನ್ನ ಲೋಟದಲ್ಲಿ ಸಕ್ಕರೆ ಇದೆಯಾ ಅಂತ ಬಗ್ಗಿ ನೋಡ್ತಾ ಕೂತಿರ್ತಾನೆ."

ಅವರ ಅಪ್ಪ ದಿನಾ ಸಂಜೆ ಮಕ್ಕಳಿಂದ ಬೈಬಲಿನ ಕೀರ್ತನೆ ಬಾಯಿಪಾಠ ಹೇಳಿಸಿ, ಕೊನೆಗೆ ಒಂದು ಮಾತು ಹೇಳುತ್ತಿದ್ದರು: ಮನುಷ್ಯ ತನ್ನ ಇಚ್ಛೆಯನ್ನು ದೇವರಿಗೆ ಒಪ್ಪಿಸಿಬಿಡಬೇಕು. ಅಕ್ಕನ ಕಿವಿಗೆ ಅದು ಬರೀ ಮಾತಾಗಿ ಬಿತ್ತು. ತಮ್ಮನ ಕಿವಿಗೆ ಸೂತ್ರವಾಗಿ ಬಿತ್ತು. ನನಗೆ ಬೇಕಾದದ್ದು ಒಂದು ದಿಕ್ಕಿನಲ್ಲಿದ್ದರೆ ದೇವರಿಗೆ ಬೇಕಾದದ್ದು ಅದರ ಎದುರು ದಿಕ್ಕಿನಲ್ಲಿ ಇರಲೇಬೇಕು ಎಂದು ಅವನು ತಿಳಿದ. ಹಾಗಾಗಿ ದೇವರ ಚಿತ್ತ ಕಂಡುಕೊಳ್ಳುವುದು ಅವನಿಗೆ ಎಂದೂ ಕಷ್ಟವಾಗಲಿಲ್ಲ. ಮೊಣಕಾಲೂರುವುದು, ತನಗೆ ಯಾವುದರ ಮೇಲೆ ಆಸೆಯಿದೆ ಎಂದು ನೋಡಿಕೊಳ್ಳುವುದು, ಅದರ ತದ್ವಿರುದ್ಧವನ್ನು ಹಿಡಿದು ಏಳುವುದು. ಐದು ನಿಮಿಷದ ಕೆಲಸ. ಐವತ್ತೊಂದು ವರ್ಷ ಹೀಗೆ ನಡೆದಿತ್ತು. ಅವನೇನೂ ಮುಖ ಗಂಟುಹಾಕಿಕೊಂಡ ಭಕ್ತನಲ್ಲ. ನಗುವವರ ಜೊತೆ ನಗುತ್ತಿದ್ದ, ಕೆಲಸದಲ್ಲಿ ಖುಷಿಯಾಗಿದ್ದ. ಬೇಕು ಎಂಬ ಮಾತೊಂದು ಅವನ ಬಾಯಲ್ಲಿ ಇರಲಿಲ್ಲ, ಅಷ್ಟೇ.

ಮನೆಯ ಕೆಳಗಿನ ಕೋಣೆಯೇ ಬೈಂಡಿಂಗ್ ಕೋಣೆ. ಬೀದಿಯ ಕಡೆ ಒಂದು ಕಿಟಕಿ, ಅದರ ಬೆಳಕಿಗೆ ಹೊಲಿಗೆಯ ಚೌಕಟ್ಟು. ಒಳಗಿನ ಮಬ್ಬಿನಲ್ಲಿ ಕಬ್ಬಿಣದ ಪ್ರೆಸ್ಸು, ರಟ್ಟಿನ ರಾಶಿ, ಅಂಟಿನ ಬೋಗುಣಿ, ಗೋಡೆಯುದ್ದಕ್ಕೂ ಹಲಗೆಗಳು. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತಳಾದ ಅಕ್ಕ ಮಹಡಿಯಲ್ಲಿ ಅಡುಗೆ ಮಾಡುತ್ತ, ಕೆಳಗೆ ನಡೆಯುವುದಕ್ಕೆಲ್ಲ ಮೆಟ್ಟಿಲ ಮೇಲಿಂದಲೇ ಷರಾ ಬರೆಯುತ್ತಿದ್ದಳು.

ಕಿಟಕಿಯ ಬೆಳಕು ಹೊಲಿಗೆಯಮ್ಮನದು. ಅವಳ ಗಂಡ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಅವನು ತೀರಿಕೊಂಡ ವರ್ಷ ಇಲ್ಲಿ ದಬ್ಬಳ ಹಿಡಿದವಳು ಹನ್ನೊಂದು ವರ್ಷವಾದರೂ ಬಿಟ್ಟಿರಲಿಲ್ಲ. ಮಕ್ಕಳಿಲ್ಲ. ನಾಲ್ಕು ಬೀದಿ ಆಚೆ, ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವಳ ವಾಸ.

ಕೆಲಸಕ್ಕೆ ಅವರಿಬ್ಬರದೇ ಒಂದು ಕ್ರಮವಿತ್ತು. ಹದಿನಾರು ಪುಟಗಳಾಗಿ ಮಡಿಸಿದ ದೊಡ್ಡ ಹಾಳೆಗೆ ಫಾರಂ ಎನ್ನುತ್ತಾರೆ. ಅಂಥ ಹತ್ತು ಹನ್ನೆರಡು ಫಾರಂ ಒಂದರ ಮೇಲೊಂದಿಟ್ಟು ಬೆನ್ನಿನಲ್ಲಿ ಹೊಲಿದರೆ ಪುಸ್ತಕ. ಬೈಂಡರ್ ಫಾರಂ ಎತ್ತಿ ಕೊಡುವಾಗ ಕೀರ್ತನೆಯ ಒಂದು ವಚನದ ಮೊದಲರ್ಧ ಹೇಳುತ್ತಿದ್ದ. ಹೊಲಿಗೆಯಮ್ಮ ಅದನ್ನು ಚೌಕಟ್ಟಿನಲ್ಲಿಟ್ಟು ದಾರ ಎಳೆಯುತ್ತ ಉಳಿದರ್ಧ ಹೇಳುತ್ತಿದ್ದಳು. ಮೊದಲ ಫಾರಮ್ಮಿಗೆ ಮೊದಲ ವಚನ, ಎರಡನೆಯದಕ್ಕೆ ಎರಡನೆಯದು. ಎಂಟು ಫಾರಮ್ಮಿನ ಪುಸ್ತಕವಾದರೆ ಎಂಟು ವಚನದ ಕೀರ್ತನೆ, ಹದಿನಾಲ್ಕರದ್ದಾದರೆ ಹದಿನಾಲ್ಕರದು. ಹನ್ನೊಂದು ವರ್ಷದಲ್ಲಿ ಒಂದು ಪುಸ್ತಕವೂ ಹಿಂದುಮುಂದಾಗಿರಲಿಲ್ಲ. ಕಣ್ಣು ತಪ್ಪೀತು, ಬಾಯಿಪಾಠ ತಪ್ಪಿದರೆ ನಾಲಿಗೆಗೇ ಗೊತ್ತಾಗುತ್ತದೆ. ಒಮ್ಮೆ ಎಪ್ಪತ್ತು ಫಾರಮ್ಮಿನ ಕಾನೂನು ಪುಸ್ತಕ ಬಂದಾಗ ಅತಿ ಉದ್ದದ ಕೀರ್ತನೆಯನ್ನು ಹಿಡಿದು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಮಹಡಿಯಿಂದ ಕೂಗು ಬಂತು: "ಅನ್ನ ಆರ್ತಿದೆ, ಆಮೆನ್ ಅನ್ರೋ ಸಾಕು!"

ಮೊದಲರ್ಧಕ್ಕೂ ಎರಡನೆಯ ಅರ್ಧಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗವಿರುತ್ತಿತ್ತು. ಆ ಉಸಿರನ್ನು ಕಾಯುವುದು ಬೈಂಡರನ ದಿನದಲ್ಲಿ ಅತ್ಯಂತ ಸಿಹಿಯಾದ ಹೊತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆ ಸೋಮವಾರ ಹೊಲಿಗೆಯಮ್ಮ ಬಂದವಳು ಚೀಲವನ್ನು ಮೊಳೆಗೆ ತಗುಲಿಸಲಿಲ್ಲ.

"ಮೇಸ್ತ್ರೀ, ಅಣ್ಣನ ಕಾಗದ ಬಂದಿದೆ."

"ಏನಂತೆ?"

"ಅತ್ತಿಗೆ ಕಣ್ಣಿಗೆ ಪೊರೆ ಬಂದಿದೆಯಂತೆ, ಆಪರೇಷನ್ ಮಾಡಿಸ್ತಾರೆ. ನೀನೊಬ್ಬಳೇ ಅಲ್ಲಿ ಏನ್ ಮಾಡ್ತೀಯ, ಮನೆ ಖಾಲಿ ಮಾಡ್ಕೊಂಡು ಇಲ್ಲೇ ಬಂದುಬಿಡು ಅಂತ ಬರೆದಿದ್ದಾನೆ. ಭಾನುವಾರ ವ್ಯಾನ್ ತರ್ತಾನಂತೆ."

ಬೈಂಡರನ ಎರಡೂ ಕೈ ಅಂಟಿನಲ್ಲಿದ್ದವು. "ಹಾಗಾದ್ರೆ ಹೋಗಿ ಬನ್ನಿ," ಎಂದ.

"ಹೋಗಿ ಬರೋದಲ್ಲ ಇದು, ಹೋಗೋದು." ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ಹೋಗ್ಲಾ, ಇರ್ಲಾ? ಇರಿ ಅನ್ನೋದಾದ್ರೆ ಯಾಕೆ ಇರಬೇಕು ಅಂತಾನೂ ಹೇಳಬೇಕು. ಹೊಲಿಯೋಕೆ ಜನ ಬೇಕು ಅಂತಾದ್ರೆ, ನಾನೇ ಒಬ್ಬರನ್ನ ಹುಡುಕಿಕೊಟ್ಟು ಹೋಗ್ತೀನಿ."

ಇದಕ್ಕಿಂತ ಬಿಡಿಸಿ ಹೇಳುವುದು ಹೆಂಗಸಿಗೆ ಸಾಧ್ಯವಿರಲಿಲ್ಲ. ಬೈಂಡರ್ ಬೋಗುಣಿಯನ್ನೇ ನೋಡುತ್ತ, "ಪ್ರಾರ್ಥನೆ ಮಾಡಿ ಹೇಳ್ತೀನಿ," ಎಂದ.

ಆ ಸಂಜೆ ಮಂಚದ ಪಕ್ಕ ಮೊಣಕಾಲೂರಿ ಎಂದಿನಂತೆ ಒಳಗೆ ಇಣುಕಿ ನೋಡಿಕೊಂಡ. ಆಸೆ ಬೆಟ್ಟದಷ್ಟಿತ್ತು. ಇಷ್ಟು ದೊಡ್ಡದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಆಸೆ ಇಷ್ಟು ನಿಚ್ಚಳವಾಗಿದ್ದ ಮೇಲೆ ಉತ್ತರವೂ ಅಷ್ಟೇ ನಿಚ್ಚಳ. ಐದು ನಿಮಿಷವೂ ಹಿಡಿಯಲಿಲ್ಲ. ಎಂಥದ್ದನ್ನು ಒಪ್ಪಿಸಿಬಿಟ್ಟೆ ಎಂದು ಎದೆಯ ಮೂಲೆಯಲ್ಲಿ ಸಣ್ಣದೊಂದು ಹಿಗ್ಗು ಕೂಡ ಎದ್ದಿತು.

ಮರುದಿನ ಬೆಳಿಗ್ಗೆ ಅವಳು ಬರುತ್ತಲೇ ಹೇಳಿದ: "ಹೋಗಿ. ಅದೇ ದೇವರ ಚಿತ್ತ."

"ದೇವರು ನಿಮಗೆ ಹೇಳಿದ್ರಾ?"

"ಹೂಂ."

"ನನಗೇನೂ ಹೇಳಲಿಲ್ಲವಲ್ಲ. ಹೋಗೋಳು ನಾನು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕು ಎಂಬಂತಿತ್ತು. "ನಾನು ಕೇಳಿದ್ದು ನಿಮಗೇನು ಬೇಕು ಅಂತ. ದೇವರಿಗೇನು ಬೇಕು ಅನ್ನೋದನ್ನ ಆತನ ಹತ್ತಿರವೇ ಕೇಳ್ಕೋತೀನಿ."

"ನನಗೆ ಬೇಕಾದ್ದನ್ನ ಕಟ್ಕೊಂಡು ಏನು? ಅದನ್ನ ಒಪ್ಪಿಸಿಯಾಯ್ತು."

"ಯಾವುದನ್ನ?"

ಬೈಂಡರ್ ಬೋಗುಣಿಯ ಅಂಟು ಕಲಕತೊಡಗಿದ. ಅವಳು ಚೀಲ ತಗುಲಿಸಿ, ದಬ್ಬಳಕ್ಕೆ ದಾರ ಪೋಣಿಸಿದಳು.

ಕೈಯಲ್ಲಿದ್ದದ್ದು ಸಭೆಯದೇ ಕೆಲಸ. ಮದುವೆ, ರೋಗಿಗಳಿಗಾಗಿ ಪ್ರಾರ್ಥನೆ, ಸಮಾಧಿ, ಎಲ್ಲಕ್ಕೂ ಸಭೆಯ ಪಾದ್ರಿ ಅಯ್ಯನವರು ಓದುವ ಕ್ರಮಗಳಿರುವ ಪ್ರಾರ್ಥನಾ ಪುಸ್ತಕ. ಹದಿನಾಲ್ಕು ಫಾರಂ, ಇಪ್ಪತ್ತು ಪ್ರತಿ. ಶನಿವಾರ ಒಂದು ಮದುವೆಯಿತ್ತು. ಅಷ್ಟರೊಳಗೆ ಒಂದು ಪ್ರತಿಯನ್ನಾದರೂ ಮುಗಿಸಿ ಕೊಡಬೇಕಿತ್ತು. ಬುಧವಾರ, ಗುರುವಾರ ಇಬ್ಬರೂ ಹೊಲಿಯಲು ಕೂತರು. ಬೈಂಡರ್ ಮೊದಲ ವಚನ ಹೇಳಲು ಬಾಯಿ ತೆರೆದ. ಈ ಅರ್ಧ ಹೇಳಿದರೆ ಆ ಅರ್ಧ ಬರುತ್ತದೆ, ಅದನ್ನು ತಡೆದುಕೊಳ್ಳಲು ತನ್ನಿಂದಾಗದು ಎನಿಸಿತು. ಫಾರಮ್ಮನ್ನು ಸುಮ್ಮನೆ ಮುಂದೆ ಚಾಚಿದ. ಅವಳೂ ಸುಮ್ಮನೆ ತೆಗೆದುಕೊಂಡಳು. ಎರಡು ದಿನ ಆ ಕೋಣೆಯಲ್ಲಿ ದಾರ ಎಳೆಯುವ ಸದ್ದೊಂದೇ.

"ಏನು, ಕೀರ್ತನೆಗೂ ರಜವಾ?" ಎಂದು ಮಹಡಿಯಿಂದ ಅಕ್ಕ ಕೇಳಿದಳು.

ಶನಿವಾರ ಹೊಲಿಗೆಯಮ್ಮ ಸಾಮಾನು ಕಟ್ಟಲು ಮನೆಯಲ್ಲೇ ಉಳಿದಳು. ಮಧ್ಯಾಹ್ನ ಎರಡು ಗಂಟೆಗೆ ಅಯ್ಯನವರು, ಮದುವೆಯ ಬಿಳಿ ನಿಲುವಂಗಿಯನ್ನೂ ಬಿಚ್ಚದೆ, ಹೊಸ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ. ನಗು ತಡೆದುಕೊಂಡೇ ಅಷ್ಟು ದೂರ ನಡೆದು ಬಂದವರಂತೆ, ಹೊಸಿಲು ದಾಟಿದ ಮೇಲೆ ಬಾಗಿಲಿಗೆ ಒರಗಿ ನಕ್ಕರು.

"ಯಾರ ಮೇಲಪ್ಪ ಸಿಟ್ಟು ನಿನಗೆ? ಮದುಮಕ್ಕಳ ಮೇಲಾ, ನನ್ನ ಮೇಲಾ?"

"ಏನಾಯ್ತು ಅಯ್ಯನವರೇ?"

"ಏನಾಯ್ತು! ಉಂಗುರ ಆಯ್ತು, ಮಾತು ಕೊಟ್ಟದ್ದಾಯ್ತು, ಇಬ್ಬರೂ ಮೊಣಕಾಲೂರಿದ್ರು. ಕೊನೇ ಆಶೀರ್ವಾದ ಅಂತ ಪುಟ ತಿರುಗಿಸ್ದೆ. ಕನ್ನಡಕ ಸರಿ ಮಾಡ್ಕೊಂಡು, ದೊಡ್ಡ ದನಿ ತೆಗೆದು ಓದೇಬಿಟ್ಟೆ: ‘ಈ ದೇಹವನ್ನು ಮಣ್ಣಿಗೆ ಒಪ್ಪಿಸಿಕೊಡುತ್ತೇವೆ!’"

ಬೈಂಡರ್ ಬೆಚ್ಚಿದ.

"ಮದುಮಗ ಬಿಳಿಚಿಕೊಂಡ. ಮದುಮಗಳು ಕಿಸಕ್ಕಂತ ನಕ್ಕಳು, ದೇವರ ದಯೆ. ಅವಳಜ್ಜಿ ಮಾತ್ರ ಅಭ್ಯಾಸಬಲದಿಂದ ಜೋರಾಗಿ ‘ಆಮೆನ್’ ಅಂದುಬಿಟ್ರು. ಇಷ್ಟು ವರ್ಷದಲ್ಲಿ ಮದುವೆಯಿಂದ ಸೀದಾ ಸಮಾಧಿಗೆ ಇಳಿಸಿದ್ದು ಇದೇ ಮೊದಲು. ನಡುವೆ ಕಾಯಿಲೆ ಬೀಳೋಕೂ ಬಿಡಲಿಲ್ಲ ನೀನು ಅವರನ್ನ."

ಪುಸ್ತಕ ಬಿಚ್ಚಿ ನೋಡಿದರೆ ಆರನೆಯ ಫಾರಂ ಆದಮೇಲೆ ಎಂಟನೆಯದು. ಮದುವೆಯ ಕೊನೆಯ ಆಶೀರ್ವಾದ, ರೋಗಿಗಳ ಪ್ರಾರ್ಥನೆ, ಸಮಾಧಿಯ ಮೊದಲ ಪುಟ ಎಲ್ಲವೂ ಇದ್ದ ಏಳನೆಯದೇ ಇಲ್ಲ. ಬೈಂಡರ್ ಹಲಗೆಯ ಬಳಿ ಹೋಗಿ ಅಂಟು ಒರೆಸುವ ಬಟ್ಟೆ ಎತ್ತಿದ. ಅದರಡಿಯಲ್ಲಿ ಏಳನೆಯ ಫಾರಂಗಳು, ಇಪ್ಪತ್ತಕ್ಕೆ ಇಪ್ಪತ್ತೂ, ಅಚ್ಚುಕಟ್ಟಾಗಿ ಕೂತಿದ್ದವು.

"ಇಪ್ಪತ್ತೂ ಕೆಟ್ಟಿವೆ," ಎಂದ ಮೆಲ್ಲಗೆ. "ಎಲ್ಲಾ ಬಿಚ್ಚಬೇಕು."

"ನಿಮ್ಮ ಕೀರ್ತನೆ ಏನಾಯ್ತು? ಏಳನೇ ವಚನ ನುಂಗಿದ್ರೆ ಗೊತ್ತಾಗ್ತಿರಲಿಲ್ವಾ?"

"ಕೀರ್ತನೆ ಹೇಳಲಿಲ್ಲ."

"ಯಾಕೆ?"

ಅಯ್ಯನವರು ನಿಲುವಂಗಿಯನ್ನು ಮೊಣಕಾಲವರೆಗೆ ಎತ್ತಿಕೊಂಡು ಕಾಗದದ ಮೂಟೆಯ ಮೇಲೆ ಕೂತರು. ಬೈಂಡರ್ ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಕಾಗದ, ಅವಳ ಪ್ರಶ್ನೆ, ತನ್ನ ಪ್ರಾರ್ಥನೆ, ಉತ್ತರ. ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಹೊರಟದ್ದನ್ನು ಅಯ್ಯನವರು ಎಂದೂ ಕೇಳಿರಲಿಲ್ಲ.

"ಎಷ್ಟು ಹೊತ್ತು ಪ್ರಾರ್ಥನೆ ಮಾಡಿದೆ?"

"ಐದು ನಿಮಿಷ."

"ಅದರಲ್ಲಿ ದೇವರಿಗೆ ಮಾತಾಡೋಕೆ ಎಷ್ಟು ಬಿಟ್ಟೆ?"

"ಆತ ಮಾತಾಡೋ ಅಗತ್ಯ ಬೀಳಲಿಲ್ಲ ಅಯ್ಯನವರೇ. ಉತ್ತರ ನನಗೇ ಗೊತ್ತಿತ್ತು."

ಹೇಳಿ ಮುಗಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ಅಯ್ಯನವರು ನಗಲಿಲ್ಲ.

"ಗೊತ್ತಿದ್ದ ಮೇಲೆ ಆತನನ್ನ ಯಾಕಪ್ಪ ಕರೆದೆ? ಸಾಕ್ಷಿ ಹಾಕಿಸ್ಕೊಳ್ಳೋಕಾ?"

"ನನ್ನ ಇಚ್ಛೆ ಆಗಬಾರದು ಅಂತ..."

"ಕೇಳು. ಶಿಲುಬೆಗೆ ಹಾಕೋಕೆ ಹಿಡಿದುಕೊಟ್ಟ ರಾತ್ರಿ ತೋಟದಲ್ಲಿ ಸ್ವಾಮಿ ಮೊದಲು ಏನ್ ಕೇಳಿದ್ರು? ಈ ಕಹಿ ಪಾತ್ರೆ ನನಗೆ ಬೇಡ, ದಾಟಿಸಿಬಿಡು ಅಂತ. ಬೆವರು ಸುರಿಸಿ, ನೆಲಕ್ಕೆ ಬಿದ್ದು, ತಮಗೇನು ಬೇಕೋ ಅದನ್ನ ತಂದೆ ಹತ್ತಿರ ಬಾಯ್ಬಿಟ್ಟು ಹೇಳಿದ್ರು. ಅದಾದ ಮೇಲೆ, ನಿನ್ನ ಚಿತ್ತದ ಹಾಗೇ ಆಗಲಿ ಅಂದ್ರು. ನೀನು ಹುಟ್ಟಿದಾಗಿಂದ ಮೊದಲರ್ಧ ಬಿಟ್ಟು ಬರೀ ಎರಡನೇ ಅರ್ಧ ಹೇಳ್ತಿದ್ದೀಯ."

ಬೈಂಡರ್ ಕೈಯಲ್ಲಿದ್ದ ಏಳನೆಯ ಫಾರಮ್ಮಿನ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡುತ್ತ ನಿಂತ.

"ಒಪ್ಪಿಸೋದು ಅಂದ್ರೆ ನನ್ನ ಕೈಲಿರೋದನ್ನ ಇನ್ನೊಬ್ಬರ ಕೈಗೆ ಕೊಡೋದು. ನೀನು ಅದನ್ನ ಬೀದಿ ಬಾಗಿಲಲ್ಲೇ ಹೂತು, ಕೈ ತೊಳ್ಕೊಂಡು ಒಳಗೆ ಬಂದು, ಸ್ವಾಮೀ ಒಪ್ಪಿಸ್ದೆ ಅಂತೀಯ. ಆತನಿಗೆ ಏನು ತಲುಪಿತು ಹೇಳು?"

"ಬಾಯ್ಬಿಟ್ಟು ಹೇಳಿದ್ರೆ ಕೊಟ್ಟುಬಿಡ್ತಾನಾ?"

"ನನಗೆ ಹೇಗಪ್ಪ ಗೊತ್ತು? ತೋಟದಲ್ಲಿ ಕೇಳಿದವರಿಗೇ ಕೊಡಲಿಲ್ಲ." ಅಯ್ಯನವರು ಮೊಣಕಾಲು ಹಿಡಿದುಕೊಂಡು ಎದ್ದರು. "ಕೊಡದೆ ಇದ್ರೆ ನೀನು ಸಹಿಸ್ಕೋತೀಯ, ಅದರಲ್ಲಿ ಪಳಗಿದ್ದೀಯ. ಕೊಟ್ಟುಬಿಟ್ರೆ ಏನ್ ಮಾಡ್ತೀಯೋ ಅಂತಲೇ ನನಗೆ ಯೋಚನೆ."

ಅವರು ಹೋದ ಮೇಲೆ ಬೈಂಡರ್ ಕಿಟಕಿಯ ಬಳಿ, ಹೊಲಿಗೆಯಮ್ಮನ ಜಾಗದಲ್ಲಿ ಕೂತು, ಹೊಲಿದ ಪುಸ್ತಕಗಳನ್ನು ಬಿಚ್ಚತೊಡಗಿದ. ಅವಳ ಹೊಲಿಗೆ ಬಿಚ್ಚುವುದು ಸುಲಭವಲ್ಲ. ಒಂದೊಂದು ಗಂಟನ್ನೂ ಸಣ್ಣ ಚಾಕುವಿನ ತುದಿಯಿಂದ ಎಬ್ಬಿಸಬೇಕು. ಸಂಜೆಯ ಬಿಸಿಲು ರಟ್ಟಿನ ರಾಶಿಯ ಮೇಲೆ ಬಿದ್ದಿತ್ತು. ಮೂರು ಪುಸ್ತಕ ಬಿಚ್ಚಿದ. ನಾಲ್ಕನೆಯದರ ನಡುವೆ, ದಾರದ ತುಂಡು ಕೈಯಲ್ಲಿ ಹಿಡಿದು, ಯಾರೋ ಎದುರಿಗೆ ಕೂತಿದ್ದಾರೆ ಎಂಬಂತೆ ಜೋರಾಗಿ ಹೇಳಿದ:

"ಬೇಕು."

"ಏನು ಬೇಕೋ?" ಎಂದು ಮಹಡಿಯಿಂದ ಅಕ್ಕ ಕೇಳಿದಳು.

"ನಿನ್ನನ್ನ ಕೇಳಲಿಲ್ಲ ಅಕ್ಕಾ."

"ಹುಟ್ಟಿದಾಗಿಂದ ಮೊದಲ್ನೇ ಸಲ ಏನೋ ಬೇಕು ಅಂದಿದ್ದೀಯ, ಅದೂ ನನ್ನ ಹತ್ತಿರ ಅಲ್ಲವಲ್ಲ!" ಎಂದು ಗೊಣಗಿದ್ದು ಕೇಳಿಸಿತು, ಆಮೇಲೆ ಅಡುಗೆಮನೆಯ ಬಾಗಿಲು ಮುಚ್ಚಿದ್ದೂ ಕೇಳಿಸಿತು. ಅಕ್ಕ ಮಾತಿಗೆ ಒರಟು, ಬಾಗಿಲು ಯಾವಾಗ ಮುಚ್ಚಬೇಕೆಂಬುದು ಅವಳಿಗೆ ತಿಳಿದಿತ್ತು.

ಬೈಂಡರ್ ದನಿ ತಗ್ಗಿಸಿ ಹೇಳುತ್ತ ಹೋದ. ಅವಳು ಬೇಕು ಸ್ವಾಮೀ. ಹೊಲಿಗೆಗಲ್ಲ. ಅವಳು ದಾರವನ್ನು ಹಲ್ಲಲ್ಲಿ ಕಡಿದು ತುಂಡನ್ನು ಕಿಟಕಿಯ ಮೂಲೆಗೆ ಅಂಟಿಸುವುದು ನೋಡಬೇಕು. ನಾನು ಅರ್ಧ ಹೇಳಿದರೆ ಉಳಿದರ್ಧ ಅವಳ ಬಾಯಿಂದ ಬರಬೇಕು. ಊಟಕ್ಕೆ ಎದುರು ಕೂರಬೇಕು. ನನಗೆ ಜ್ವರ ಬಂದರೆ ಬೈಯಬೇಕು, ಅವಳಿಗೆ ಬಂದರೆ ನಾನು ಹತ್ತಿರವಿರಬೇಕು. ಹೇಳುತ್ತ ಹೇಳುತ್ತ ಅವನ ಮುಖ ಬಿಸಿಯಾಯಿತು. ದೇವರ ಮುಂದೆ ಇಷ್ಟೊಂದು ಕೇಳುವುದು ನಾಚಿಕೆಗೇಡು ಎನಿಸಿತು. ಆದರೂ ನಿಲ್ಲಿಸಲಿಲ್ಲ. ಎಲ್ಲ ಹೇಳಿಯಾದ ಮೇಲೆ ಎರಡೂ ಕೈ ತೊಡೆಯ ಮೇಲೆ ಅಂಗಾತ ಇಟ್ಟು ಕೂತ. ಇಷ್ಟು ಇದೆ, ನೋಡು. ಇನ್ನು ಇದು ನಿನ್ನದು. ಕೊಟ್ಟರೂ ಸರಿ, ಇಟ್ಟುಕೊಂಡರೂ ಸರಿ ಎನ್ನಲು ಹೋಗಿ ತಡೆದ. ಸರಿ ಎಂಬುದು ಅಷ್ಟು ಬೇಗ ಬಾಯಿಗೆ ಬರಲಿಲ್ಲ. ಒಂದು ಪುಸ್ತಕ ಪೂರ್ತಿ ಬಿಚ್ಚುವಷ್ಟು ಹೊತ್ತು ಹಿಡಿಯಿತು. ಕೊನೆಗೂ ಬಂತು. ಮತ್ತು ಬಂದಾಗ ನಿಜವಾಗಿಯೂ ಬಂತು.

ಉತ್ತರ ಮಾತ್ರ ಬರಲಿಲ್ಲ. ಬಾಳಿನಲ್ಲಿ ಮೊದಲ ಬಾರಿಗೆ ಅವನು ಪ್ರಾರ್ಥನೆಯಿಂದ ಉತ್ತರವಿಲ್ಲದೆ ಎದ್ದ. ಎದ್ದವನಿಗೆ ಹಸಿವಾಗಿತ್ತು. ಮಹಡಿ ಹತ್ತಿ ಹೋಗಿ, ಬಡಿಸಿದ್ದನ್ನೆಲ್ಲ ಉಂಡು, ಕೂಸಿನಂತೆ ಮಲಗಿದ.

ಭಾನುವಾರ ಆರಾಧನೆ ಮುಗಿಸಿ ಅವನು ಇಸ್ತ್ರಿ ಅಂಗಡಿಯ ಬೀದಿಗೆ ಹೋದಾಗ ವ್ಯಾನ್ ಬಂದು ನಿಂತಿತ್ತು. ಕಿರಿದಾದ ಮೆಟ್ಟಿಲುಗಳ ನಡುವೆ ಒಂದು ದೊಡ್ಡ ಕಬ್ಬಿಣದ ಬೀರು ಸಿಕ್ಕಿಕೊಂಡಿತ್ತು. ಅದರ ಕೆಳಗಿನ ತುದಿಯನ್ನು ಎದೆಗೊತ್ತಿ ಹಿಡಿದವನು ಹೊಲಿಗೆಯಮ್ಮನ ಅಣ್ಣ. ಮೇಲಿನ ತುದಿಯಲ್ಲಿ ವ್ಯಾನಿನ ಡ್ರೈವರ್. ಡ್ರೈವರನ ಹಿಂದೆ, ಮೇಲಿನ ಮೆಟ್ಟಿಲಲ್ಲಿ, ದಿಂಬಿನ ಗಂಟು ಹಿಡಿದು ಅವಳು.

ಬೈಂಡರ್ ಕಾಯಬಹುದಿತ್ತು. ಕಾದರೆ ಧೈರ್ಯ ಆರೀತೆಂದು ಬೀರುವಿನ ಮೇಲಿಂದಲೇ ಕತ್ತೆತ್ತಿ ಹೇಳಿದ:

"ಹೊಲಿಗೆಯಮ್ಮಾ, ಮೊನ್ನೆ ನಾನು ದೇವರ ಚಿತ್ತ ಅಂದೆನಲ್ಲ, ಅದು ದೇವರು ಹೇಳಿದ್ದಲ್ಲ. ನಾನೇ ಹೇಳಿದ್ದು. ತಪ್ಪಾಯ್ತು."

"ಗೊತ್ತು," ಎಂದಳು ಅವಳು.

"ನೀವು ಕೇಳಿದ್ದಕ್ಕೆ ಉತ್ತರ ಹೇಳೋಕೆ ಬಂದೆ. ಹೊಲಿಯೋಕೆ ಜನ ಸಿಗ್ತಾರೆ. ನನಗೆ ನೀವು ಬೇಕು. ಮದುವೆ ಆಗೋಣ ಅಂತ. ಇದು ನನ್ನ ಆಸೆ, ದೇವರ ಮಾತು ಅಂತ ನಾನು ಹೇಳ್ತಿಲ್ಲ. ಆತನ ಮುಂದೆ ಇಟ್ಟಿದ್ದೀನಿ. ಈಗ ನಿಮ್ಮ ಮುಂದೂ ಇಟ್ಟೆ. ನೀವು ಆಗಲ್ಲ ಅಂದ್ರೆ, ಅದನ್ನೂ ಆತನ ಕೈಯಿಂದಲೇ ತಗೋತೀನಿ."

ಬೀರುವಿನ ಕೆಳಗಿನಿಂದ ಅಣ್ಣನ ದನಿ ಬಂತು: "ಸ್ವಾಮೀ, ಒಳ್ಳೇ ಮಾತು. ಅರ್ಧ ಗಂಟೆ ಮೊದಲೇ ಹೇಳಬಾರದಿತ್ತಾ? ಇದನ್ನ ಮೇಲೇ ಬಿಡ್ತಿದ್ದೆ."

ಡ್ರೈವರ್ ನಕ್ಕ. ಬೀರು ಒಂದು ಮೆಟ್ಟಿಲು ಜಾರಿತು. "ಮೊದಲು ಇಳಿಸಿ, ಆಮೇಲೆ ನಗಿ!" ಎಂದು ಅಣ್ಣ ಕೂಗಿದ. ಬೈಂಡರ್ ಓಡಿಹೋಗಿ ಒಂದು ಮೂಲೆಗೆ ಹೆಗಲು ಕೊಟ್ಟ. ಬೀರು ಬೀದಿಗೆ ಇಳಿದ ಮೇಲೆ ಅವಳೂ ಇಳಿದು ಬಂದಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಎಂದಿನದೇ.

"ಮೇಸ್ತ್ರೀ, ನಾನು ಹೋಗೋದು ಹೋಗೋದೇ. ಅತ್ತಿಗೆಯ ಕಣ್ಣಿನ ಪಟ್ಟಿ ಬಿಚ್ಚೋವರೆಗೆ ಕೈ ಹಿಡಿದು ಓಡಾಡಿಸೋಕೆ ಜನ ಬೇಕು, ಮಾತು ಕೊಟ್ಟಿದ್ದೀನಿ. ಉತ್ತರ ಈಗಲೇ ಕೊಡಲ್ಲ. ನೀವು ಐದು ನಿಮಿಷದಲ್ಲಿ ನನ್ನ ಪಾಲಿಂದೂ ಸೇರಿಸಿ ಉತ್ತರ ತಂದ್ರಿ. ನನ್ನ ಪಾಲಿಂದು ನಾನೇ ಕೇಳ್ತೀನಿ."

"ಕೇಳಿ," ಎಂದ ಬೈಂಡರ್. "ಎಷ್ಟು ದಿನವಾದರೂ."

ಅವಳು ಅಣ್ಣನ ಕಡೆ ತಿರುಗಿದಳು. "ಅಣ್ಣಾ, ಬೀರು ಇಲ್ಲೇ ಇರ್ಲಿ. ಮೇಸ್ತ್ರಿ ಮನೇಲಿ ಜಾಗ ಇದೆ. ಮೂರು ಗಂಟೆ ದಾರೀಲಿ ಅದರ ಕನ್ನಡಿ ಉಳಿಯಲ್ಲ." ಮತ್ತೆ ಬೈಂಡರನಿಗೆ: "ಇದಕ್ಕೇನೂ ಅರ್ಥ ಕಟ್ಟಬೇಡಿ. ಕನ್ನಡಿಗೋಸ್ಕರ, ಅಷ್ಟೇ."

"ಕಟ್ಟಲ್ಲ."

ಬೀರುವನ್ನು ನಾಲ್ಕು ಬೀದಿ ದಾಟಿಸಿ, ಬೈಂಡರನ ಮಹಡಿ ಹತ್ತಿಸಿ ಇಟ್ಟಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಮನುಷ್ಯರು ಆ ಕಡೆ, ಬೀರು ಈ ಕಡೆ. ಇದು ಯಾವ ಸೀಮೆ ಸಂಬಂಧವೋ," ಎಂದಳು. ಬೀರುವಿನ ಮೇಲಿನ ದೂಳನ್ನು ಮಾತ್ರ ಆಗಲೇ ಸೆರಗಿನಲ್ಲಿ ಒರೆಸತೊಡಗಿದ್ದಳು.

ಐದು ವಾರ ಕಳೆಯಿತು. ಬೈಂಡರ್ ಇಪ್ಪತ್ತೂ ಪುಸ್ತಕಗಳನ್ನು ತಾನೇ ಮತ್ತೆ ಹೊಲಿದ. ಹೊಲಿಯುತ್ತ ವಚನದ ಮೊದಲರ್ಧ ಹೇಳಿ, ಒಂದು ಉಸಿರು ನಿಲ್ಲಿಸಿ, ಮುಂದಿನ ಫಾರಂ ತೆಗೆಯುತ್ತಿದ್ದ. ಅಕ್ಕನಿಗೆ ಆ ಮೌನ ತಡೆಯಲಾಗದೆ ಮೇಲಿನಿಂದ ಉಳಿದರ್ಧ ಕೂಗುತ್ತಿದ್ದಳು, ಹತ್ತರಲ್ಲಿ ಏಳು ಸಲ ತಪ್ಪಾಗಿ. "ಅದು ಬೇರೆ ಕೀರ್ತನೆ ಅಕ್ಕಾ." "ದೇವರು ಒಬ್ಬನೇ ತಾನೇ, ಹೊಂದಿಸ್ಕೋತಾನೆ ಬಿಡು!"

ದಿನಗಳು ಹಗುರವಾಗಿಯೇ ಇದ್ದವು. ಹಾಗೆಂದು ಒಮ್ಮೆ ಒಪ್ಪಿಸಿದ್ದು ಒಪ್ಪಿಸಿದ ಕಡೆಯೇ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ದೇವರ ಕೈಯಲ್ಲಿಟ್ಟು ಬಂದದ್ದು ಮಧ್ಯಾಹ್ನದ ಹೊತ್ತಿಗೆ ಹೇಗೋ ಮತ್ತೆ ಅವನ ಕೈಯಲ್ಲೇ ಇರುತ್ತಿತ್ತು. ಆಗ ಕೆಲಸ ನಿಲ್ಲಿಸಿ ಮತ್ತೊಮ್ಮೆ ಹೇಳುತ್ತಿದ್ದ: ಬೇಕು ಸ್ವಾಮೀ, ನಿನ್ನದೇ ಸ್ವಾಮೀ. ಕೆಲವು ದಿನ ಮೂರು ಸಲ, ಕೆಲವು ದಿನ ಹತ್ತು ಸಲ. ಬೇಸರವೆನಿಸಲಿಲ್ಲ. ಹಿಂದೆ ಐದು ನಿಮಿಷದಲ್ಲಿ ತೀರ್ಪು ಹಿಡಿದು ಎದ್ದುಬಿಡುತ್ತಿದ್ದವನಿಗೆ, ದೇವರ ಜೊತೆ ಕೂತು ಮಾತಾಡುವುದಕ್ಕೆ ಇಷ್ಟೊಂದು ಇದೆ ಎಂದು ಗೊತ್ತೇ ಇರಲಿಲ್ಲ.

ಕಾಗದ ಬಂದದ್ದು ಒಂದು ಬುಧವಾರ. ಒಂದು ದಪ್ಪ ಪುಸ್ತಕದ ಬೆನ್ನಿಗೆ ಅಂಟು ಹಚ್ಚಿ ಬಟ್ಟೆ ಎಳೆಯುತ್ತಿದ್ದ ಗಳಿಗೆ. ಅಂಚೆಯವನು ಕಿಟಕಿಯಲ್ಲಿ ಇಟ್ಟುಹೋದ. ಅಕ್ಕ ಮೆಟ್ಟಿಲಲ್ಲೇ ಅಕ್ಷರದ ಗುರುತು ಹಿಡಿದು ದಡದಡ ಇಳಿದು ಬಂದಳು.

"ಅವಳದೇ! ಓದೋ!"

"ಅಂಟು ಒಣಗುತ್ತೆ ಅಕ್ಕಾ. ಇದೊಂದು ಪ್ರೆಸ್ಸಿಗೆ ಹಾಕಿಬಿಡ್ತೀನಿ."

"ಮತ್ತೆ ಶುರು ಮಾಡಿದ್ಯಾ ನಿನ್ನ ಬೇಡಪ್ಪನ ಪುರಾಣ?"

"ಇಲ್ಲಕ್ಕಾ. ಬೇಕು, ತುಂಬಾ ಬೇಕು. ಆದ್ರೆ ಅಂಟು ಒಣಗುತ್ತೆ." ಅವನು ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತ ಅಕ್ಕನನ್ನು ನೋಡಿ ನಕ್ಕ. "ನೀನೇ ಓದು, ಕೇಳಿಸ್ಕೋತೀನಿ."

ಅಕ್ಕ ಲಕೋಟೆಯನ್ನು ಹರಿದ ರೀತಿಗೆ ಕಾಗದವೂ ಅರ್ಧ ಹರಿಯಿತು. ತರಗತಿಯಲ್ಲಿ ಲೆಕ್ಕ ಓದುವ ದನಿಯಲ್ಲಿ ಓದಿದಳು:

"‘ಮೇಸ್ತ್ರಿಯವರಿಗೆ. ಅತ್ತಿಗೆಯ ಕಣ್ಣಿನ ಪಟ್ಟಿ ಬಿಚ್ಚಿದರು. ಚೆನ್ನಾಗಿ ಕಾಣುತ್ತಿದೆ. ಮೊದಲು ನನ್ನನ್ನೇ ನೋಡಿ, ಏನೇ ಇಷ್ಟು ಸೊರಗಿದ್ದೀಯ ಎಂದರು. ನಾನು ಇಲ್ಲಿ ದಿನಾ ಕೇಳಿದೆ. ಇರು ಎಂಬ ಉತ್ತರವೂ ಬರಲಿಲ್ಲ, ಹೋಗು ಎಂದೂ ಬರಲಿಲ್ಲ. ಬೇಕು ಅನ್ನುವುದು ಮಾತ್ರ ದಿನಾ ಹಾಗೇ ಇತ್ತು. ಅದನ್ನು ದೇವರ ಮುಂದಿಟ್ಟು ಅತ್ತಿಗೆಗೂ ಹೇಳಿದೆ. ನನಗೆ ಕಣ್ಣು ಬಂತು, ನಿನಗೆ ಯಾವಾಗ ಬರುತ್ತೆ, ಹೊರಡು ಎಂದರು. ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಯ್ಯನವರಿಗೆ ತಿಳಿಸಿ.’"

ಅಕ್ಕ ಕನ್ನಡಕ ತೆಗೆದು, ಕೈಗೆ ಸಿಕ್ಕ ಬಟ್ಟೆಯಲ್ಲಿ ಒರೆಸಿದಳು. ಅದು ಅಂಟಿನ ಬಟ್ಟೆ. ಕನ್ನಡಕ ಇನ್ನೂ ಮಂಜಾಯಿತು.

ಬೈಂಡರ್ ಪುಸ್ತಕವನ್ನು ಪ್ರೆಸ್ಸಿನಲ್ಲಿಟ್ಟು ಹಿಡಿಯನ್ನು ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ. ಸಾಕಾಗಿತ್ತು, ಆದರೂ ಸ್ವಲ್ಪ ಹೊತ್ತು ಹಿಡಿ ಬಿಡಲಿಲ್ಲ. ಬೇಡ ಎನ್ನುವ ಹಳೆಯ ಅಭ್ಯಾಸ ಒಳಗೆಲ್ಲೋ ತಲೆಯೆತ್ತಿ, ಇಷ್ಟು ಒಳ್ಳೆಯದು ನಿನಗೆ ಸಲ್ಲದು ಎಂದು ಪಿಸುಗುಟ್ಟಿತು. ಅವನು ಅದಕ್ಕೆ ಕಿವಿಗೊಡಲಿಲ್ಲ. ಹಿತ್ತಲಿನ ನಲ್ಲಿಗೆ ಹೋಗಿ, ಬೆರಳ ಸಂದಿಯ ಅಂಟನ್ನೆಲ್ಲ ತಿಕ್ಕಿ ತೊಳೆದು, ಒದ್ದೆ ಕೈಗಳನ್ನು ಮುಂದೆ ಚಾಚಿ ಹಿಡಿದು ನಿಂತ.

"ತಗೊಂಡೆ ಸ್ವಾಮೀ," ಎಂದ.

"ಯಾರ ಹತ್ತಿರವೋ ಮಾತು?" ಎಂದು ಒಳಗಿನಿಂದ ಅಕ್ಕ ಕೂಗಿದಳು. "ನಲ್ಲಿ ನಿಲ್ಲಿಸು, ನೀರು ಹೋಗ್ತಿದೆ!"